ಮೆಹಮಾನ ಡಾಕ್ಟರರ ಮೂವತ್ತು ಕೇಸು

ನನಗೆ ಸಿಟ್ಟು ಬೇಗ ಬರುತ್ತದೆ. ಇಪ್ಪತ್ತಾರು ವರ್ಷ ದನದ ಡಾಕ್ಟರಾಗಿ ಹುಮನಾಬಾದ್ ತಾಲ್ಲೂಕಿನ ಹಳ್ಳಿ ಹಳ್ಳಿ ತಿರುಗಿದವಳಿಗೆ ಅದು ಬರದಿದ್ದರೇ ಆಶ್ಚರ್ಯ. ಆದರೆ ಈಚೆಗೆ ಎರಡು ತಿಂಗಳು ನಾನು ಪಟ್ಟ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ಇನ್ನೂ ತಿಳಿದಿಲ್ಲ. ಯಾರೂ ಕೆಟ್ಟವರಾಗಿರಲಿಲ್ಲ. ಎಲ್ಲರೂ ಅತಿ ಒಳ್ಳೆಯವರಾಗಿದ್ದರು, ಆ ಒಳ್ಳೆಯತನಕ್ಕೆ ಸಿಕ್ಕಿ ಒಬ್ಬ ಮನುಷ್ಯ ಹೈರಾಣಾಗುತ್ತಿದ್ದ.

ಆ ಮನುಷ್ಯ ಯೆಮನ್ ದೇಶದ ಪಶುವೈದ್ಯರು. ವಯಸ್ಸು ಮೂವತ್ತೆರಡು. ನಮ್ಮ ಸರ್ಕಾರ ಹೊರದೇಶದವರಿಗೆ ಕೊಡುವ ವಿದ್ಯಾರ್ಥಿವೇತನ ಸಿಕ್ಕಿ, ನಮ್ಮ ಕಡೆಯ ಒಂದು ಕಾಲೇಜಿಗೆ ಹೆಚ್ಚಿನ ಓದಿಗೆ ಬಂದಿದ್ದರು. ಓದಿನ ನಡುವೆ ಎರಡು ತಿಂಗಳು ಹಳ್ಳಿ ದವಾಖಾನೆಯಲ್ಲಿ ಕೆಲಸ ಕಲಿಯಬೇಕಿತ್ತು. ಮೂವತ್ತು ಕೇಸುಗಳನ್ನು ಸ್ವಂತ ಕೈಯಿಂದ ಮಾಡಿ, ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದು, ಪ್ರತಿಯೊಂದಕ್ಕೂ ನನ್ನ ಸಹಿ ಪಡೆಯಬೇಕು. ಮೂವತ್ತಾಗದಿದ್ದರೆ ಮುಂದಿನ ವರ್ಷದ ವೇತನವಿಲ್ಲ, ವೇತನವಿಲ್ಲದಿದ್ದರೆ ವೀಸಾ ಇಲ್ಲ. ಅವರ ಊರಿನಲ್ಲಿ ಯುದ್ಧ ನಡೆಯುತ್ತಿತ್ತು. ಅರ್ಧ ಓದಿ ವಾಪಸು ಹೋದರೆ ಮತ್ತೆ ಹೊರಗೆ ಬರುವ ದಾರಿ ಅವರಿಗಿರಲಿಲ್ಲ.

ಕೇಸು ಎಂದರೆ ಏನೆಂದು ಹೇಳಿಬಿಡುತ್ತೇನೆ. ಎಮ್ಮೆ ಗಬ್ಬವೋ ಅಲ್ಲವೋ ಎಂದು ಹಿಂದಿನಿಂದ ಕೈ ಹಾಕಿ ನೋಡುವುದು, ಹೋರಿಯ ಬೀಜ ಒಡೆಯುವುದು, ಈದ ಮೇಲೆ ಬೀಳದ ಮಾಸು ತೆಗೆಯುವುದು, ಹೊಟ್ಟೆಯೊಳಗೆ ಅಡ್ಡ ಸಿಕ್ಕ ಕರುವನ್ನು ತಿರುಗಿಸಿ ಎಳೆಯುವುದು. ಇವುಗಳಲ್ಲಿ ಒಂದೂ ದೂರ ನಿಂತು ಕಲಿಯುವ ಕೆಲಸವಲ್ಲ. ಭುಜದ ತನಕ ಸಗಣಿ ಆಗಲೇಬೇಕು.

ಮೊದಲ ದಿನ ನಾನು ಬಸವಕಲ್ಯಾಣದ ನನ್ನ ಮನೆಯಿಂದ ಬಂದು ಬಸ್ಸಿಳಿದು ದವಾಖಾನೆಗೆ ಹೋಗುವಷ್ಟರಲ್ಲಿ ನಮ್ಮ ಕಂಪೌಂಡರ್ ಅವರನ್ನು ವರಾಂಡದಲ್ಲಿ ಕುರ್ಚಿ ಹಾಕಿ ಕೂರಿಸಿಬಿಟ್ಟಿದ್ದ. ಕೈಯಲ್ಲಿ ಚಹಾ. ಎದುರಿಗೆ ಐದಾರು ಜನ ನಿಂತುಕೊಂಡು ನೋಡುತ್ತಿದ್ದರು. ಮಧ್ಯಾಹ್ನದೊಳಗೆ ‘ಅರಬ್ ಸಾಬ್ರು ಬಂದಾರ’ ಎಂಬ ಸುದ್ದಿ ಬಜಾರ ಮುಟ್ಟಿತ್ತು.

ನಮ್ಮ ಕಡೆ ಪ್ರತಿ ಓಣಿಯಲ್ಲೂ ಒಬ್ಬರು ಸೌದಿಯಲ್ಲೋ ದುಬೈಯಲ್ಲೋ ಇರುತ್ತಾರೆ. ಒಬ್ಬ ಡ್ರೈವರ್, ಒಬ್ಬ ಮನೆ ಕಟ್ಟುವ ಗೌಂಡಿ, ಇನ್ನೊಬ್ಬ ಎ.ಸಿ. ರಿಪೇರಿಯವನು. ಇವರೆಲ್ಲರ ಮನೆಯವರಿಗೆ ಅರಬ ಎಂದರೆ ಕೆಲಸ ಕೊಡುವ ಧಣಿ. ತಾನೇ ವಿದ್ಯಾರ್ಥಿವೇತನದ ಮೇಲೆ ಬದುಕುವ, ಬಾಡಿಗೆ ಕೋಣೆಯಲ್ಲಿ ಸ್ವತಃ ಅನ್ನ ಬೇಯಿಸಿಕೊಳ್ಳುವ ಅರಬನೂ ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ಮೂರನೆಯ ದಿನ ನಿರ್ಣಾದ ರೈತನೊಬ್ಬ ಎಮ್ಮೆ ಹೊಡೆದುಕೊಂಡು ಬಂದ. ಎಮ್ಮೆಯ ಹಗ್ಗ ಒಂದು ಕೈಯಲ್ಲಿ, ಮಗನ ಪಾಸ್‌ಪೋರ್ಟಿನ ಝೆರಾಕ್ಸ್ ಇನ್ನೊಂದು ಕೈಯಲ್ಲಿ.

"ಇವರು ಯೆಮನ್ ದೇಶದವರಪ್ಪ, ದುಬೈ ಅಲ್ಲ. ಕಲಿಯೋದಕ್ಕ ಬಂದಾರ. ಎಮ್ಮೀನ ಇವರು ನೋಡ್ತಾರ," ಎಂದೆ.

"ಎಲ್ಲಾ ಒಂದೇ ಕಡೆ ಅಲ್ಲೇನ್ರಿ ಡಾಕ್ಟರಬಾಯಿ," ಎಂದು ಆತ ಎಮ್ಮೆಯನ್ನು ನನ್ನ ಕಡೆಗೇ ತಿರುಗಿಸಿ ನಿಲ್ಲಿಸಿದ. "ಮೆಹಮಾನ ಅದಾರ್ರಿ. ಅವರ ಕೈಯಾಗ ಸಗಣಿ ಹಚ್ಚಸ್ತೀರೇನ್ರಿ? ನೀವೇ ನೋಡ್ರಿ."

ನೋಡಿದೆ. ಎಮ್ಮೆ ಗಬ್ಬವಾಗಿತ್ತು. ಝೆರಾಕ್ಸ್ ನಮ್ಮ ಮೆಹಮಾನರ, ಅಂದರೆ ಅತಿಥಿಗಳ, ತೊಡೆಯ ಮೇಲಿತ್ತು, ಅವರು ಅದನ್ನು ಏನು ಮಾಡಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ಇದೇ ಪ್ರತಿದಿನ ನಡೆಯಿತು. ನಾನು ಗದರುತ್ತಿದ್ದೆ, ಜನ ನಗುತ್ತಿದ್ದರು, ಮೆಹಮಾನರಿಗೆ ಇನ್ನೊಂದು ಕಪ್ ಚಹಾ ಬರುತ್ತಿತ್ತು. ಅವರದೂ ತಪ್ಪಿತ್ತು, ಇಲ್ಲವೆನ್ನುವುದಿಲ್ಲ. ಬೇಡ ಎನ್ನಲು ಬರುತ್ತಿರಲಿಲ್ಲ ಆ ಮಹಾಶಯರಿಗೆ. ಮುರುಕು ದಖ್ಖನಿ ಉರ್ದು ಕಲಿತಿದ್ದರು, ನಾಲ್ಕು ಮಾತು ಕನ್ನಡವೂ ಬರುತ್ತಿತ್ತು, ಆ ನಾಲ್ಕರಲ್ಲಿ ಹೆಚ್ಚು ಬಳಸುತ್ತಿದ್ದದ್ದು ‘ಹೌದ್ರಿ’. ಕೂಡ್ರಿ ಎಂದರೆ ಹೌದ್ರಿ, ಉಣ್ರಿ ಎಂದರೆ ಹೌದ್ರಿ. ನಾನು ತಲೆ ಚಚ್ಚಿಕೊಂಡು ಕೇಳಿದ್ದಕ್ಕೆ, ತಮ್ಮ ಕಡೆಯೂ ಮನೆಯವರು ಕೊಟ್ಟದ್ದನ್ನು ಬೇಡ ಎಂದರೆ ಅವರನ್ನು ಅವಮಾನಿಸಿದಂತೆ ಎಂದರು. ತಿಂಗಳು ಮುಗಿಯಿತು. ನೀಲಿ ಪುಸ್ತಕದಲ್ಲಿ ಆರು ಕೇಸುಗಳಿದ್ದವು.

ಹುಲಸೂರಿನಲ್ಲಿ ಗಬ್ಬ ನಿಲ್ಲದ ದನಗಳ ಶಿಬಿರ ಇಟ್ಟಿದ್ದರು. ಅಲ್ಲಿಗೆ ನನ್ನನ್ನೂ ಹಾಕಿದ್ದರು. ಒಂದೇ ದಿನ ಹತ್ತು ಕೇಸಾದರೂ ಆಗುತ್ತವೆ ಎಂದು ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋದೆ. ಅಲ್ಲಿ ಶಾಮಿಯಾನ, ಶಾಲು, ಹಾರ. ಅರಬ್ ದೇಶದ ಡಾಕ್ಟರರಿಗೆ ಸನ್ಮಾನ, ನಂತರ ಅವರಿಂದ ಎರಡು ಮಾತು. ಆ ಎರಡು ಮಾತಿಗೆ ಮುಂಚೆ ಉಳಿದವರೆಲ್ಲ ಎರಡೆರಡು ಮಾತಾಡಿದರು. ಹೊರಗೆ ದನಗಳು ಬಿಸಿಲಿನಲ್ಲಿ ಸಾಲಾಗಿ ನಿಂತಿದ್ದವು, ನಾನು ಗಡಿಯಾರ ನೋಡಿಕೊಂಡು ಹಲ್ಲು ಕಡಿಯುತ್ತಿದ್ದೆ.

ಕೊನೆಗೆ ಅವರು ಶಾಲು ತೆಗೆದಿಟ್ಟು ಉದ್ದನೆಯ ಕೈಗವಸು ಹಾಕಿಕೊಂಡು ಒಂದು ಹಸುವಿಗೆ ಕೈ ಹಾಕಿದರು. ಸರಿಯಾಗೇ ಹಾಕಿದ್ದರು, ಆದರೆ ನಿಧಾನ. ಸಾಲಿನಲ್ಲಿದ್ದವರು ಗೊಣಗಲು ಶುರು ಮಾಡಿದರು. ಬಸ್ಸಿಗೆ ಹೊತ್ತಾಯಿತು ಎಂದು ಒಬ್ಬ ಕೂಗಿದ. ನಾನು ಮುಂದೆ ಹೋಗಿ, "ಬಿಡಿ, ನಾನೇ ನೋಡ್ತೀನಿ," ಎಂದು ಮೊಣಕೈಯಿಂದ ಅವರನ್ನು ಪಕ್ಕಕ್ಕೆ ಸರಿಸಿದೆ. ಅಲ್ಲಿಂದ ಸಂಜೆಯ ತನಕ ಎಲ್ಲ ದನಗಳನ್ನೂ ನಾನೇ ನೋಡಿದೆ.

ವಾಪಸು ಬರುವಾಗ ಜೀಪಿನಲ್ಲಿ ಅವರು ಶಾಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು. ಬಸವಕಲ್ಯಾಣದಲ್ಲಿ ನಾನು ಇಳಿಯುವ ಹೊತ್ತಿಗೆ, ದಖ್ಖನಿಯಲ್ಲಿ ಒಂದೊಂದೇ ಪದ ಹುಡುಕಿ ಹೇಳಿದರು: "ಇಲ್ಲಿ ಎಲ್ಲರೂ ನನಗೆ ಮರ್ಯಾದೆ ಕೊಟ್ಟು ಪಕ್ಕಕ್ಕೆ ಸರಿಸುತ್ತಾರೆ. ನೀವೊಬ್ಬರು ಆ ಮರ್ಯಾದೆ ಕೊಡುವುದಿಲ್ಲ ಅಂತ ನಂಬಿದ್ದೆ."

ನನಗೆ ಆ ಮಾತು ಚುರುಕ್ಕೆಂದಿತು. ಒಂದು ವಾರ ನೆಟ್ಟಗಾದೆ. ದವಾಖಾನೆಗೆ ಬಂದ ದನಗಳನ್ನು ಬಲವಂತದಿಂದ ಅವರ ಕೈಗೆ ಕೊಟ್ಟೆ, ಬೈದವರನ್ನು ತಿರುಗಿ ಬೈದೆ. ಪುಸ್ತಕ ಹದಿನೇಳಕ್ಕೆ ಮುಟ್ಟಿತು. ಅಷ್ಟರಲ್ಲಿ ಚುಚ್ಚುಮದ್ದಿನ ಅಭಿಯಾನ ಬಂದು ಎಲ್ಲ ನಿಂತಿತು. ಅವಧಿ ಮುಗಿಯಲು ಆರೇ ದಿನ ಉಳಿದಾಗ ಕಂಪೌಂಡರ್ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟ.

"ಬಾಯಿ, ಪಾಪ ಮನಷ್ಯಾ ಛಲೋ ಅದಾನ. ನೀವು ಬರೆದು ಸಹಿ ಹಾಕಿದ್ರ ಯಾರು ಬಂದು ನೋಡ್ತಾರ್ರಿ? ಎಮ್ಮಿ ಬಂದು ಸಾಕ್ಷಿ ಹೇಳತಾವೇನ್ರಿ?"

ನಾನು ಬರೆದೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಬರೆದೆ. ನಾನು ಮಾಡಿದ ಹದಿಮೂರು ಕೇಸುಗಳನ್ನು ಅವರು ಮಾಡಿದರೆಂದು, ಅನುಮಾನ ಬಾರದಿರಲೆಂದು ಎರಡು ಬಣ್ಣದ ಪೆನ್ನಿನಲ್ಲಿ ಬರೆದು ಸಹಿ ಹಾಕಿದೆ. ಉಪಕಾರ ಮಾಡಿದೆ ಎಂಬ ಜಂಬವೂ ಇತ್ತು. ಮರುದಿನ ಪುಸ್ತಕವನ್ನು ಅವರ ಕೈಗೆ ಕೊಟ್ಟಾಗ ಅವರು ಹಾಳೆ ಹಾಳೆ ತಿರುಗಿಸಿ ನೋಡಿದರು.

"ಡಾಕ್ಟರಬಾಯಿ," ಎಂದರು. ಅವರು ನನ್ನನ್ನು ಹಳ್ಳಿಯವರಂತೆಯೇ ಕರೆಯುತ್ತಿದ್ದರು. "ಅಲ್ಲಿ ಯೆಮನ್ನಿನ ನಮ್ಮ ತಾಲ್ಲೂಕಿನಲ್ಲಿ ಬೇರೆ ಪಶುವೈದ್ಯರು ಉಳಿದಿಲ್ಲ. ನಾನು ವಾಪಸು ಹೋದ ಮೇಲೆ ಒಬ್ಬರು ಹಸು ತರುತ್ತಾರೆ. ಆಗ ಯಾರ ಕೈ ಹಾಕಲಿ? ನಿಮ್ಮದೇ?"

ನನಗೆ ಬಂದದ್ದು ಸಿಟ್ಟು. ಹೋಗಿ, ಯಾವ ಊರಿಗಾದರೂ ಹೋಗಿ ಎಂದು ಬೈದು ಕೋಣೆಗೆ ಕಳಿಸಿದೆ.

ಎರಡು ದಿನದ ಮೇಲೆ ದುಬಲಗುಂಡಿಯಿಂದ ಫೋನು ಬಂತು. ಒಬ್ಬ ಹೆಣ್ಣುಮಗಳ ಎಮ್ಮೆ ಬೆಳಗಿನಿಂದ ತಿಣುಕುತ್ತಿತ್ತು. ಕರುವಿನ ಮುಂಗಾಲುಗಳು ಹೊರಗೆ ಬಂದಿದ್ದವು, ತಲೆ ಮಾತ್ರ ಹಿಂದಕ್ಕೆ ಹೊರಳಿ ಸಿಕ್ಕಿಕೊಂಡಿತ್ತು. ಇಬ್ಬರೂ ಹೋದೆವು. ನಾನು ಕರುವಿನ ಗೊರಸಿನ ಸಂದನ್ನು ಚಿವುಟಿ ನೋಡಿದೆ. ಅದು ಕಾಲು ಎಳೆದುಕೊಂಡಿತು. ಜೀವವಿತ್ತು.

"ನೀವು ಮಾಡಿ," ಎಂದೆ ಅವರಿಗೆ, ಮತ್ತು ಎರಡು ಹೆಜ್ಜೆ ಹಿಂದೆ ಸರಿದೆ.

ಆ ಹೆಣ್ಣುಮಗಳು ಒಪ್ಪಲಿಲ್ಲ. "ಬ್ಯಾಡ್ರಿ ಬಾಯಿ, ನೀವೇ ಕೈ ಹಾಕ್ರಿ. ಸಾಬ್ರು ನೆಳ್ಳಿಗಿ ಕೂಡ್ಲಿ."

"ಅವರೇ ಮಾಡ್ತಾರ," ಎಂದೆ.

ಅವರು ಅಂಗಿ ತೆಗೆದಿಟ್ಟು ನೆಲದ ಮೇಲೆ ಒರಗಿ ಮಲಗಿದರು. ಕರುವನ್ನು ಒಳಕ್ಕೆ ನೂಕಬೇಕು, ಎಮ್ಮೆ ತಿಣುಕಿದಾಗ ಕೈ ಎಲುಬಿಗೆ ಸಿಕ್ಕಿ ಜಜ್ಜುತ್ತದೆ, ಮತ್ತೆ ನೂಕಬೇಕು, ಆಮೇಲೆ ಬೆರಳ ತುದಿಯಿಂದ ದವಡೆ ಹುಡುಕಿ ತಲೆ ಎಳೆದುಕೊಳ್ಳಬೇಕು. ಅವರು ಒಂದು ಹೆಜ್ಜೆಯನ್ನೂ ತಪ್ಪಿಸಲಿಲ್ಲ. ನಿಧಾನವಾಗಿದ್ದರು, ಅಷ್ಟೇ. ನನ್ನ ಕೈಗಳು ತಾವಾಗಿಯೇ ಮುಂದೆ ಹೋಗುತ್ತಿದ್ದವು. ಅವನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಸುಮಾರು ಒಂದು ತಾಸಿಗೆ ಕರುವಿನ ತಲೆ ತಿರುಗಿತು. ಕರು ಹೊರಗೆ ಬಂತು. ಮೂಗಿನ ಲೋಳೆ ತೆಗೆದು, ಎದೆ ತಿಕ್ಕಿ, ತಲೆಕೆಳಗೆ ಹಿಡಿದು ನೋಡಿದೆವು. ಅದು ಉಸಿರಾಡಲಿಲ್ಲ.

ಎಮ್ಮೆ ಎದ್ದು ನಿಂತು ನೀರು ಕುಡಿಯಿತು. ಆದರೆ ಆಕೆ ಎಮ್ಮೆಯ ಕಡೆ ನೋಡಲೇ ಇಲ್ಲ.

"ನಿನ್ನ ಕೈ ಸೇದಿಹೋಗ್ಲಿ," ಎಂದು ಅವರ ಎದುರಿಗೆ ನಿಂತು ಹೇಳಿದಳು. "ಡಾಕ್ಟರಬಾಯಿ ಕೈ ಹಾಕಿದ್ರ ನನ್ನ ಕರಾ ಬದಕತಿತ್ತು. ಕಲಿಯೋದಕ್ಕ ನನ್ನ ಮನಿನೇ ಬೇಕಾಗಿತ್ತೇನ ನಿನಗ?"

ನಾನು ಮಾಡಿದ್ದರೆ ಬದುಕುತ್ತಿತ್ತೇ? ಬದುಕುತ್ತಿತ್ತೇನೋ. ನಾನು ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಬೆಳಗಿನಿಂದ ಸಿಕ್ಕಿಕೊಂಡ ಕರು, ಯಾರು ಮಾಡಿದ್ದರೂ ಸಾಯುತ್ತಿತ್ತು ಎಂದು ಆಕೆಗೆ ಹೇಳಬಹುದಿತ್ತು, ಹೇಳಲಿಲ್ಲ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೈ ತೊಳೆದು, ಅಲ್ಲೇ ಕಟ್ಟೆಯ ಮೇಲೆ ಕುಳಿತು ಪುಸ್ತಕದಲ್ಲಿ ಬರೆದರು: ತಾಯಿ ಉಳಿದಿದೆ, ಕರು ಸತ್ತಿದೆ, ಮಾಡಿದವನು ನಾನು. ನಾನು ಸಹಿ ಹಾಕಿದೆ. ನಂತರ ನನ್ನ ಹದಿಮೂರು ಸುಳ್ಳುಗಳನ್ನು ಒಂದೊಂದಾಗಿ ಹೊಡೆದುಹಾಕಿ, ಪ್ರತಿಯೊಂದರ ಪಕ್ಕದಲ್ಲೂ ಮತ್ತೆ ಸಹಿ ಮಾಡಿದೆ.

ಪುಸ್ತಕ ಹದಿನೆಂಟು ಕೇಸುಗಳೊಂದಿಗೆ ಕಾಲೇಜಿಗೆ ಹೋಯಿತು. ಕಡಿಮೆ ಬಿದ್ದದ್ದಕ್ಕೆ ಹೊಣೆ ನನ್ನದು, ಸುಳ್ಳು ಬರೆದವಳೂ ನಾನೇ ಎಂದು ಪತ್ರ ಇಟ್ಟೆ. ವಾರದ ಮೇಲೆ ಅವರ ಪ್ರಾಧ್ಯಾಪಕರು ಫೋನು ಮಾಡಿದರು.

"ಸತ್ತ ಕರು ಯಾಕೆ ಬರೆಸಿದಿರಿ ಮೇಡಂ? ಅಂಥದ್ದನ್ನು ಯಾರೂ ಬರೆಯೋದಿಲ್ಲ."

"ಉಳಿದ ಹದಿನೇಳನ್ನು ನೀವು ನಂಬಲಿ ಅಂತ," ಎಂದೆ.

ಪ್ರಾಧ್ಯಾಪಕರು ಮೂರು ತಿಂಗಳ ಹೆಚ್ಚಿನ ಅವಧಿ ಕೊಡಿಸುತ್ತೇನೆ, ಅಲ್ಲಿಯತನಕ ವೇತನ ನಿಲ್ಲುವುದಿಲ್ಲ, ಉಳಿದ ಹನ್ನೆರಡು ನಿಮ್ಮಲ್ಲೇ ಆಗಲಿ ಎಂದರು. ನನ್ನ ಮೇಲೆ ವಿಚಾರಣೆ ಬರಬಹುದು ಎಂದೂ ಹೇಳಿದರು. ಬರಲಿ ಎಂದೆ.

ಯೆಮನ್ ಡಾಕ್ಟರರಿಗೆ ನಾನೇ ಸುದ್ದಿ ಮುಟ್ಟಿಸಿದೆ. ಅವರು ಒಂದೇ ಪ್ರಶ್ನೆ ಕೇಳಿದರು. "ದುಬಲಗುಂಡಿಯ ಆ ಅಮ್ಮನ ಇನ್ನೊಂದು ಎಮ್ಮೆ ಮುಂದಿನ ತಿಂಗಳು ಈಯುತ್ತದೆ. ನನ್ನನ್ನು ಒಳಗೆ ಬಿಡುತ್ತಾರಾ?"

ನಾನೇ ಬಂದು ಆಕೆಗೆ ತಿಳಿಸಿ ಹೇಳುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನನಗೆ ಗೊತ್ತಿಲ್ಲ," ಎಂದೆ. "ನೀವೇ ಹೋಗಿ ಕೇಳಿ."