ಹಲ್ಲಿಗಿಟ್ಟ ಬೀಜ

ಕಣದಕ್ಕನ ಮುಂದಿನ ಹಲ್ಲೊಂದರ ತುದಿ ಮುರಿದಿತ್ತು. ಬಾಳೂರಿನ ನಮ್ಮ ತೋಟದ ಕಣದಲ್ಲಿ ಇಪ್ಪತ್ತು ವರ್ಷ ಕಾಫಿ ಒಣಗಿಸಿದವಳು. ಬೀಜ ಒಣಗಿತೋ ಇಲ್ಲವೋ ಎಂಬುದನ್ನು ಕಡಿದು ನೋಡಿಯೇ ಹೇಳುತ್ತಿದ್ದಳು. ಅಪ್ಪ ತೇವ ಅಳೆಯುವ ಮೀಟರ್ ತಂದಾಗ, "ಅದಕ್ಕೆ ಹಲ್ಲು ಎಲ್ಲಿದೆ ಅಯ್ಯಾ?" ಎಂದು ನಕ್ಕಿದ್ದಳು. ಅವಸರ ಮಾಡುವ, ತೋಟದ ಲೆಕ್ಕ ಬರೆಯುವ ರೈಟರಿಗೂ ಒಂದೇ ಮಾತು: "ಮೇಲೆ ಒಣಗಿರುತ್ತೆ ಮಾರಾಯ್ರೇ, ಒಳಗೆ ಹಸಿ. ಕಡಿದು ನೋಡ್ದೆ ಮೂಟೆ ಕಟ್ಬೇಡಿ."

ಕಣದಕ್ಕನ ಗಂಡ ತೀರಿಕೊಂಡ ವರ್ಷ ಅವಳ ರಕ್ತಪರೀಕ್ಷೆಯ ಚೀಟಿ ಓದಿ ಹೇಳಿದವಳು ನಾನು. ಎಚ್‌ಐವಿ. ಊರಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ತಿಂಗಳಿಗೊಮ್ಮೆ ತಂಗಿ ಮನೆಗೆಂದು ಹೇಳಿ ಚಿಕ್ಕಮಗಳೂರಿಗೆ ಹೋಗಿ ಮಾತ್ರೆ ತರುತ್ತಿದ್ದಳು. ಒಂದು ದಿನವೂ ತಪ್ಪಿಸದೆ ನುಂಗುತ್ತ ಚೆನ್ನಾಗಿಯೇ ಇದ್ದಳು.

ಆಮೇಲೆ ನಾನು ಅದೇ ವೈರಸ್ಸಿನ ಬಗ್ಗೆ ಸಂಶೋಧನೆಗೆ ಸೇರಿದೆ. ಅದು ರೋಗನಿರೋಧಕ ಕೋಶದೊಳಗೆ ಹೊಕ್ಕು ತನ್ನ ಜೀನುಗಳನ್ನು ನಮ್ಮ ಜೀನುಗಳ ನಡುವೆ ಸೇರಿಸಿಬಿಡುತ್ತದೆ. ಕೋಶದಲ್ಲಿ ಆಕ್ಸಿಡೇಟಿವ್ ಒತ್ತಡ, ಅಂದರೆ ಆಮ್ಲಜನಕದಿಂದ ಹುಟ್ಟುವ ಹಾನಿಕಾರಕ ಕಣಗಳ ಕಾಟ, ಹೆಚ್ಚಿದರೆ ಆ ವೈರಸ್ ಜೀನುಗಳು ಎಚ್ಚರಗೊಂಡು ಹೊಸ ವೈರಸ್ಸು ಮಾಡಿಸುತ್ತವೆ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಿಗೆ ಕಾಫಿ ಹಣ್ಣಿನ ಸಿಪ್ಪೆಯಿಂದ ತೆಗೆದ, ಆ ಒತ್ತಡ ಇಳಿಸುವ ಆಂಟಿಆಕ್ಸಿಡೆಂಟ್ ಹಾಕಿದಾಗ ಹೊಸ ವೈರಸ್ಸು ಹುಟ್ಟುವುದು ತಗ್ಗಿತು. ಕೊಯ್ಲಿಗೆ ಊರಿಗೆ ಬಂದಾಗ ಮೊದಲು ಹೇಳಿದ್ದು ಅವಳಿಗೇ.

"ಹಂಗಾರೆ ನಾವು ಗುಂಡಿಗೆ ಎಸೆಯೋ ಸಿಪ್ಪೇಲಿ ಮದ್ದಿದೆ ಅನ್ನು!"

"ಇರಬಹುದು ಅಕ್ಕ," ಎಂದು ನಕ್ಕೆ.

ತಟ್ಟೆಯಲ್ಲಿನ ಕೋಶವೇ ಬೇರೆ, ಮನುಷ್ಯರ ಮೈಯೇ ಬೇರೆ, ಮಾತ್ರೆ ಮಾತ್ರ ಬಿಡಬಾರದು. ಇಷ್ಟನ್ನು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಮುಂದಿನ ಕೊಯ್ಲಿಗೆ ಬಂದಾಗ ಅವಳ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಆಸ್ಪತ್ರೆಯ ಸಾಲಿನಲ್ಲಿ ಮಲ್ಲಂದೂರಿನ ಪರಿಚಯದವರೊಬ್ಬರು ಕಂಡರಂತೆ. ಊರಿಗೆ ಗೊತ್ತಾದೀತೆಂದು ಹೆದರಿ ಅಂದಿನಿಂದ ಚಿಕ್ಕಮಗಳೂರಿಗೆ ಹೋಗಿರಲಿಲ್ಲ. ಒಣಸಿಪ್ಪೆ ಕುದಿಸಿ, ಬೆಲ್ಲ ಹಾಕಿ, ಎರಡು ಹೊತ್ತು ಕುಡಿಯುತ್ತಿದ್ದಳು.

"ನೀನೇ ಹೇಳಿದ್ದಲ್ವಾ ಮಾರಾಯ್ತಿ," ಎಂದಳು. ದೂರಿನ ದನಿಯಲ್ಲ ಅದು. ನನ್ನ ಓದಿನ ಬಗ್ಗೆ ಅವಳಿಗೆ ಹೆಮ್ಮೆಯಿತ್ತು.

ಅವತ್ತೇ ಜೀಪಿನಲ್ಲಿ ಕರೆದುಕೊಂಡು ಹೋದೆ. ಮಾತ್ರೆ ಮತ್ತೆ ಶುರುವಾಯಿತು, ಆದರೆ ಅಷ್ಟರಲ್ಲಿ ಕ್ಷಯ ಎದೆ ಹಿಡಿದಿತ್ತು. ನರ್ಸ್ ಗದರಿದರು: "ಯಾರಮ್ಮ ನಿಂಗೆ ಮಾತ್ರೆ ಬಿಡು ಅಂದಿದ್ದು?"

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ.

"ಯಾರೂ ಇಲ್ಲ ಮೇಡಂ, ನಂದೇ ಬುದ್ಧಿ," ಎಂದಳು. ನನ್ನ ಕಡೆ ನೋಡಲಿಲ್ಲ.

ಮೂರನೇ ವಾರ ಹೋಗಿಬಿಟ್ಟಳು.

ಈಗ ಯಾರಾದರೂ ನನ್ನ ಕೆಲಸದ ಬಗ್ಗೆ ಕೇಳಿದರೆ ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತೇನೆ: ಇದು ತಟ್ಟೆಯಲ್ಲಿ ಕಂಡದ್ದು, ಮಾತ್ರೆ ಬಿಡಬೇಡಿ. ಕೇಳಿದವರು ಒಮ್ಮೊಮ್ಮೆ ವಿಚಿತ್ರವಾಗಿ ನೋಡುತ್ತಾರೆ. ಕಡಿದು ನೋಡದೆ ಮೂಟೆ ಕಟ್ಟಿದವಳು ನಾನು ಎಂದು ಅವರಿಗೆ ತಿಳಿಯದು.

ನರ್ಸ್ ಕೇಳಿದ್ದಕ್ಕೆ ಅಂದು ಕಣದಕ್ಕ ನನ್ನ ಹೆಸರೆತ್ತದೆ ಉತ್ತರ ಕೊಟ್ಟಳು. ನಾನು ಕೊಡಬೇಕಿದ್ದ ಉತ್ತರ ಇದು: ಅವಳಿಗೆ ಹೇಳಿದ್ದು ನಾನು. ಅರ್ಧ ಮಾತ್ರ ಹೇಳಿದ್ದೆ.