ತೂಕದ ಯಂತ್ರ ಜಾಗ ಬದಲಿಸಿದ್ದು

ಆಸ್ಪತ್ರೆಯ ಕ್ಯಾನ್ಸರ್ ವಿಭಾಗದಲ್ಲಿ ಟೋಕನ್ ಕೊಟ್ಟು ಹೆಸರು ಕೂಗುವುದು ನನ್ನ ಉದ್ಯೋಗ. ಗಂಟಲು ಬಿಟ್ಟರೆ ಬೇರೆ ಬಂಡವಾಳ ಬೇಡ. ನೆಂಟರ ಪಾಲಿಗೆ ಮಾತ್ರ ನಾನು ಅರ್ಧ ಡಾಕ್ಟರು. ಯಾರಿಗೆ ಕೆಮ್ಮು ಬಂದರೂ ನನ್ನನ್ನು ಕೇಳುತ್ತಾರೆ. ನಾನೂ ಹುಬ್ಬು ಗಂಟಿಕ್ಕಿ “ನೋಡೋಣ” ಎನ್ನುತ್ತೇನೆ. ಏನನ್ನು ನೋಡುವುದು ಎಂದು ಇದುವರೆಗೆ ಯಾರೂ ಕೇಳಿಲ್ಲವಾದ್ದರಿಂದ ಮಾನ ಉಳಿದಿದೆ.

ನನ್ನ ಕೌಂಟರಿನ ಎದುರಿಗೆ ಎರಡು ಬಾಗಿಲು. ಎರಡೂ ಒಬ್ಬರದೇ, ನಮ್ಮ ದೊಡ್ಡ ಡಾಕ್ಟರಮ್ಮನದು. ಎಡಗಡೆ ಕೋಣೆಯಲ್ಲಿ ಅವರು ಕ್ಯಾನ್ಸರಿಗೆ ಚಿಕಿತ್ಸೆ ಬರೆಯುತ್ತಾರೆ. ಬಲಗಡೆ ಕೋಣೆಗೆ ‘ಉಪಶಮನ ಆರೈಕೆ’ ಎಂಬ ಬೋರ್ಡು. ನೋವು, ವಾಕರಿಕೆ, ಬಾರದ ನಿದ್ದೆ, ಹೇಳಿಕೊಳ್ಳಲಾಗದ ಭಯ, ಎಲ್ಲದಕ್ಕೂ ಅಲ್ಲಿ ವಿಚಾರಣೆ, ಅಲ್ಲಿ ಮದ್ದು. ಆದರೆ ಎಡಗಡೆ ಕಾಲಿಡಲು ಜಾಗವಿಲ್ಲ, ಬಲಗಡೆ ನೊಣ ಹೊಡೆಯೋಣವೆಂದರೆ ನೊಣವೂ ಇಲ್ಲ. ಆ ಬಾಗಿಲು ಹೊಕ್ಕವರ ಕಥೆ ಮುಗಿದ ಹಾಗೆ ಎಂಬ ಮಾತು ಬೆಂಚಿನಿಂದ ಬೆಂಚಿಗೆ ಹಬ್ಬಿತ್ತು.

ಡಾಕ್ಟರಮ್ಮನಿಗೆ ಅರವತ್ತರ ಹತ್ತಿರ. ಗಿಡ್ಡ ಆಳು, ದೊಡ್ಡ ಹೆಜ್ಜೆ. ಅವರ ಚಪ್ಪಲಿಯ ಸದ್ದಿಗೇ ಇಡೀ ವಾರ್ಡು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಹರೆಯದಲ್ಲಿ ಅವರು ಗಡ್ಡೆ ಕರಗಿಸುವುದರಲ್ಲಿ ಎತ್ತಿದ ಕೈ. ಒಮ್ಮೆ ಹೊಲಿಗೆ ಕಲಿಸುವ ಹೆಂಗಸೊಬ್ಬರಿಗೆ ಸ್ಕ್ಯಾನಿನ ಚಿತ್ರ ಹಿಡಿದು, “ನೋಡಿ, ಅರ್ಧಕ್ಕರ್ಧ ಕರಗಿದೆ!” ಎಂದು ಹಿಗ್ಗಿದರಂತೆ. ಆಕೆ ಚಿತ್ರದ ಕಡೆ ತಿರುಗಲೂ ಇಲ್ಲ. “ಒಳ್ಳೇದಾಯ್ತು ತಾಯಿ. ಆದ್ರೆ ಎಷ್ಟೋ ತಿಂಗಳಿಂದ ನಾನು ಕೂತ್ಕೊಂಡೇ ನಿದ್ದೆ ಮಾಡ್ತಿದ್ದೀನಿ. ಅದು ಈ ಫೋಟೋದಲ್ಲಿ ಬೀಳಲ್ವಾ?”

ಈ ಕಥೆಯನ್ನು ಹೊಸದಾಗಿ ಸೇರಿದ ಪ್ರತಿ ಡಾಕ್ಟರಿಗೂ ಅವರೇ ಹೇಳುತ್ತಾರೆ. ಆ ಹೆಂಗಸಿನ ಮಾತು ಕೇಳಿದ ಮೇಲೆ, ನಲವತ್ತು ದಾಟಿದ ವಯಸ್ಸಿನಲ್ಲಿ, ನೋವು ತಗ್ಗಿಸುವ ವಿದ್ಯೆ ಕಲಿಯಲು ಬೇರೆ ಊರಿಗೆ ಹೋಗಿ ತಮ್ಮ ಶಿಷ್ಯರ ಓರಗೆಯವರ ಜೊತೆ ಬೆಂಚಿನ ಮೇಲೆ ಕೂತರು. “ಬೆಂಕಿ ಆರಿಸೋದು ಬಿಟ್ಟು ಬೂದಿ ಬಳಿಯೋಕೆ ಹೊರಟ್ರಾ?” ಎಂದು ಜೊತೆಯ ಡಾಕ್ಟರೊಬ್ಬರು ಚುಚ್ಚಿದರು. “ಬೆಂಕಿ ನಾನೇ ಆರಿಸ್ತೀನಿ. ಅದು ಆರೋ ತನಕ ಒಳಗೆ ಬೇಯ್ತಿರೋರನ್ನ ಯಾರು ನೋಡ್ಕೋಬೇಕು?” ಎಂದು ಕೇಳಿ ಡಾಕ್ಟರಮ್ಮ ಹೊರಟೇಬಿಟ್ಟರು.

ಇದನ್ನೆಲ್ಲ ನೆಂಟರ ಮುಂದೆ ನಾನೇ ಮಾಡಿದ ಸಾಧನೆಯ ಹಾಗೆ ಹೇಳಿ ಮೆರೆಯುತ್ತಿದ್ದೆ. ಹೋದ ವರ್ಷ ನನ್ನ ಸೋದರಮಾವನೇ ಬಂದು ಟೋಕನ್‌ಗೆ ಕೈಚಾಚಿದ.

ಮಾವನದು ಡ್ರೈವಿಂಗ್ ಸ್ಕೂಲು. ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯಲು ಕಲಿಸಿದವನು, ನನ್ನೊಬ್ಬನ ವಿಷಯದಲ್ಲಿ ಕೈಚೆಲ್ಲಿದವನು. ಅವನಿಗೆ ಗಂಟಲಿನ ಕ್ಯಾನ್ಸರ್. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರಮ್ಮ ನೇರವಾಗಿ ಹೇಳಿದರು: ವಾಸಿಯಾಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ವಿಕಿರಣ ಚಿಕಿತ್ಸೆ ನಡುವೆ ತಪ್ಪಬಾರದು. ಜನರ ಬಾಯಲ್ಲಿ ಅದು ‘ಕರೆಂಟು ಕೊಡುವುದು’. ಮುಖಕ್ಕೆ ಜಾಲರಿಯ ಮುಖವಾಡ ಬಿಗಿದುಕೊಂಡು ಮಿಸುಕಾಡದೆ ಮಲಗಬೇಕು.

ಮಾವನಿಗೆ ಎಂಜಲು ನುಂಗಿದರೂ ಕಿವಿಯವರೆಗೆ ನೋವು ಹೊಡೆಯುತ್ತಿತ್ತು. ಹೊಡೆದ ಕೂಡಲೇ ಬಲಗಾಲು ತಾನಾಗಿ ಮುಂದಕ್ಕೆ ಒತ್ತುತ್ತಿತ್ತು. ವರ್ಷಗಟ್ಟಲೆ ಶಿಷ್ಯರ ಪಕ್ಕ ಕೂತು ಬ್ರೇಕು ತುಳಿದ ಕಾಲು ಅದು. ಗಾಬರಿಯಾದರೆ ಅದಕ್ಕೆ ಗೊತ್ತಿದ್ದದ್ದು ಅದೊಂದೇ. ಕಾಲು ಒತ್ತಿದರೆ ಭುಜ ಏಳುತ್ತಿತ್ತು, ಭುಜ ಎದ್ದರೆ ಕತ್ತು ಸರಿಯುತ್ತಿತ್ತು. ಯಂತ್ರ ನಡೆಸುವವನು ಎರಡು ಸಲ ನಿಲ್ಲಿಸಿದ. ಮೂರನೆಯ ಸಲ ಮಾವನೇ ಮುಖವಾಡ ಬಿಚ್ಚಿಸಿಕೊಂಡು ಹೊರಗೆ ಬಂದ.

“ನಾಳೆಯಿಂದ ನಾನು ಬರಲ್ಲ ಕಣೋ.”

“ಮಾವ, ಬಲಗಡೆ ಕೋಣೆಗೆ ಹೋಗು. ನೋವಿಗೆ ಔಷಧಿ ಕೊಡ್ತಾರೆ.”

“ನನ್ನನ್ನ ಆ ಬಾಗಿಲಿಗೆ ಕಳಿಸ್ತೀಯಾ? ಏನು ಅಳಿಯ, ಕಾರಿನ ಮೇಲೆ ಕಣ್ಣು ಬಿತ್ತಾ?”

“ಇವರ ಪ್ರಾಣ ಹೋದ್ರೂ ಸರಿ, ಹಟ ಹೋಗಬಾರದು,” ಎಂದು ಜೊತೆಗಿದ್ದ ಅತ್ತೆ ಮುಖ ತಿರುಗಿಸಿದಳು. ಕಣ್ಣು ಒರೆಸಿಕೊಳ್ಳಲು ಎಂದು ನನಗೆ ಗೊತ್ತಾಯಿತು.

ನಾನು ಡಾಕ್ಟರಮ್ಮನ ಮುಂದೆ ಹೋಗಿ ಎಲ್ಲ ಹೇಳಿದೆ. ಅವರು ಮಾವನನ್ನು ಬಯ್ಯಲಿಲ್ಲ, ಒಪ್ಪಿಸು ಎಂದು ನನಗೆ ಉಪದೇಶವನ್ನೂ ಮಾಡಲಿಲ್ಲ.

“ತೂಕದ ಯಂತ್ರ ಎಲ್ಲಿದೆ?”

“ನನ್ನ ಕೌಂಟರ್ ಪಕ್ಕ, ಮೇಡಂ.”

“ಎತ್ತಿ ಬಲಗಡೆ ಕೋಣೇಲಿ ಇಡು. ನಾಳೆಯಿಂದ ಹೊಸಬರು ಹಳಬರು ಎಲ್ಲರ ತೂಕಾನೂ ಅಲ್ಲೇ. ತೂಕ ಆಗದೆ ಯಾರನ್ನೂ ಎಡಗಡೆಗೆ ಕೂಗಬೇಡ. ನಾನೂ ಬೆಳಗ್ಗೆ ಅಲ್ಲೇ ಕೂತಿರ್ತೀನಿ.”

“ಬೋರ್ಡು ತೆಗೆದುಬಿಡ್ಲಾ?”

“ಯಾಕೆ? ನಾವೇನು ನಾಚಿಕೆಗೇಡಿನ ಕೆಲಸ ಮಾಡ್ತಿದ್ದೀವಾ?”

ಹಳೆಯ ಕಬ್ಬಿಣದ ಯಂತ್ರ. ಅದನ್ನು ಎತ್ತಿಟ್ಟ ಮೇಲೆ ನೋವಿಗೆ ಔಷಧಿ ಬೇಕಾದ ಮೊದಲನೆಯ ಗಿರಾಕಿ ನಾನೇ ಆಗಿದ್ದೆ.

ಮಾರನೆಯ ದಿನ ಅತ್ತೆ ಮಾವನನ್ನು ಹೊರಡಿಸಿಯೇಬಿಟ್ಟಳು. “ಬರಲ್ಲ ಅನ್ನೋದನ್ನ ಡಾಕ್ಟರ ಮುಖಕ್ಕೇ ಹೇಳಿ. ನನ್ನ ಮುಂದೆ ಹೇಳೋದೇನು ಶೌರ್ಯ?” ಬಂದು ನೋಡಿದರೆ ಬಲಗಡೆ ಬಾಗಿಲಿಗೆ ಸಾಲು ಹನುಮಂತನ ಬಾಲವಾಗಿತ್ತು. ಕಾಲೇಜು ಹುಡುಗಿಯರು, ಗುಮಾಸ್ತರು, ನಿನ್ನೆ ಮೊನ್ನೆ ರೋಗ ಗೊತ್ತಾದವರು, ಎಲ್ಲರೂ ಚಪ್ಪಲಿ ಬಿಟ್ಟು ಯಂತ್ರ ಹತ್ತುತ್ತಿದ್ದರು. “ತೂಕ ಅಷ್ಟೇ ತಾನೇ?” ಎಂದು ನನ್ನನ್ನು ದುರುಗುಟ್ಟಿ ನೋಡಿ ಮಾವನೂ ಹತ್ತಿದ.

“ಸಿಕ್ಕಾಪಟ್ಟೆ ಇಳಿದಿದ್ದೀರಿ,” ಎಂದರು ಡಾಕ್ಟರಮ್ಮ. “ನುಂಗೋಕಾಗ್ತಿಲ್ಲ, ಅಲ್ವಾ? ನೋವಿಗೆ ಮಾರ್ಫಿನ್ ಶುರು ಮಾಡೋಣ.”

ಮಾವ ಯಂತ್ರದಿಂದ ಇಳಿದ. “ಅದು ಕಡೇಗಾಲಕ್ಕೆ ಕೊಡೋದಲ್ವಾ? ವಾಸಿಯಾಗುತ್ತೆ ಅಂದೋರು ನೀವೇ ತಾನೇ?”

“ಈಗಲೂ ಅದೇ ಅಂತೀನಿ. ನಿಮ್ಮ ಸ್ಕೂಲಿನ ಕಾರಲ್ಲಿ ನಿಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತಲ್ಲ, ಅದನ್ನ ಯಾವಾಗ ಹಾಕಿಸ್ತೀರಿ? ಶಿಷ್ಯ ಲಾರಿಗೆ ಗುದ್ದಿದ ಮೇಲಾ?”

“ಛೆ ಛೆ! ಮೊದಲನೇ ದಿನದಿಂದಲೇ ಇರಬೇಕು. ಅದಿಲ್ಲದ ಕಾರು ನಾನು ಹತ್ತೋದೇ ಇಲ್ಲ.”

“ಅದನ್ನ ನೋಡಿ ಶಿಷ್ಯ, ಮೇಷ್ಟ್ರು ನನ್ನ ಕೈಬಿಟ್ರು ಅಂತ ಅಳ್ತಾನಾ?”

ಮಾವ ತನ್ನ ಬಲಗಾಲನ್ನೊಮ್ಮೆ ನೋಡಿಕೊಂಡ. ಅವನ ಬಾಯಿ ಕಟ್ಟುವವರನ್ನು ಮದುವೆಯಾದಂದಿನಿಂದ ಹುಡುಕುತ್ತಿದ್ದ ಅತ್ತೆ, ಆ ಕ್ಷಣ ಡಾಕ್ಟರಮ್ಮನನ್ನು ನೋಡಿದ ನೋಟವೇ ನೋಟ.

“ಸರಿ, ಇದನ್ನ ಕುಡಿದು ಕಾರು ಓಡಿಸಬಹುದಾ?”

“ಈಗ ಬೇಡ. ಕರೆಂಟು ಮುಗೀಲಿ, ಗಂಟಲು ಮಾಯಲಿ, ಔಷಧೀನ ನಾನೇ ಮೆಲ್ಲಗೆ ಇಳಿಸಿ ನಿಲ್ಲಿಸ್ತೀನಿ. ಅಲ್ಲಿವರೆಗೆ ನಿಮ್ಮ ಅಳಿಯ ಓಡಿಸಲಿ.”

“ಇವನಾ? ಹಾಗಾದ್ರೆ ನೋವೇ ಇರಲಿ ಬಿಡಿ!”

ಔಷಧಿಯ ಅಳತೆ ಹೊಂದಿಕೊಳ್ಳಲು ಕೆಲವು ದಿನ ಬೇಕಾಯಿತು. ಮಾವ ತೂಕಡಿಸಿದ, ಮಲಬದ್ಧತೆಯ ಬಗ್ಗೆ ಕೇಳದವರಿಗೂ ವರದಿ ಒಪ್ಪಿಸಿದ. ಅದಕ್ಕೂ ಡಾಕ್ಟರಮ್ಮ ಮೊದಲೇ ಔಷಧಿ ಬರೆದಿದ್ದರು. ಒಂದು ಬೆಳಗ್ಗೆ ಕರೆಂಟು ಕೊಡುವ ಕೋಣೆಯ ಹೊರಗೆ ನಿಂತು ಟಿವಿ ಪರದೆಯಲ್ಲಿ ನೋಡಿದೆ. ಮುಖ ಜಾಲರಿಯೊಳಗೆ. ನಾನು ನೋಡುತ್ತಿದ್ದದ್ದು ಬಲಗಾಲನ್ನು. ಅದು ಊಟವಾದ ಮೇಲೆ ಮಲಗಿದ ಬೆಕ್ಕಿನ ಹಾಗೆ ಬಿದ್ದುಕೊಂಡಿತ್ತು. ಆಮೇಲೆ ಚಿಕಿತ್ಸೆ ಎಲ್ಲಿಯೂ ನಿಲ್ಲಲಿಲ್ಲ.

ಬಲಗಡೆ ಕೋಣೆಯಲ್ಲಿ ಮಾವನ ಪಕ್ಕ ಕೂರುತ್ತಿದ್ದ ಬಡಗಿ ಅಜ್ಜ ಉಳಿಯಲಿಲ್ಲ. ಅವರಿಗೂ ಡಾಕ್ಟರಮ್ಮ ಏನನ್ನೂ ಮುಚ್ಚಿಟ್ಟಿರಲಿಲ್ಲ; ಓಡಾಡಲಾಗದಾದಾಗ ತಾವೇ ಅವರ ಮನೆಗೆ ಹೋಗುತ್ತಿದ್ದರು. ಕೊನೆಯ ಸಲ ಹೋಗಿಬಂದು ನನ್ನ ಕೌಂಟರಿನ ಮುಂದೆ ನಿಂತು, “ಗಡ್ಡೆ ನನ್ನ ಮಾತು ಕೇಳಲಿಲ್ಲ ಕಣಯ್ಯ. ನೋವು ಕೇಳ್ತು,” ಎಂದರು. ಮುಖ ತೊಳೆದುಕೊಂಡು ಬಂದು, “ಮುಂದಿನವರನ್ನ ಕೂಗು,” ಎಂದರು.

ಔಷಧಿ ನಿಂತು ಮಾವ ಮತ್ತೆ ಕಾರು ಹತ್ತಿದ ದಿನ ಅವನ ಮೊದಲ ಶಿಷ್ಯ ನಾನೇ. ಅವನ ಗಂಟಲು ಇನ್ನೂ ಒಡಕು, ಬೈಗುಳ ಮಾತ್ರ ಹಳೆಯದೇ. ತಿರುವಿನಲ್ಲಿ ನಾನು ದೀಪದ ಕಂಬದ ಕಡೆಗೆ ಹೊರಟಿದ್ದೆ. ಮಾವನ ಬಲಗಾಲು ಸರಕ್ಕನೆ ಒತ್ತಿತು. ಕಾರು ನಿಂತಿತು.

“ಏನೂ ಆಗಿಲ್ಲ. ನಡಿ, ಇನ್ನೊಂದ್ಸಲ,” ಎಂದ.