ಎರಡಾಳು ನೀರಿಗೆ ಎರಡಾಳು ಹಗ್ಗ

ನೈಲಾನ್ ಹಗ್ಗ ಕತ್ತರಿಸಿದ ಮೇಲೆ ಎಳೆ ಬಿಚ್ಚದಿರಲೆಂದು ತುದಿಯನ್ನು ಮೇಣದಬತ್ತಿಗೆ ಹಿಡಿದು ಸುಡಬೇಕು. ಯಶವಂತಪುರದ ನನ್ನ ಹಗ್ಗದ ಅಂಗಡಿಯಲ್ಲಿ ಆ ಸುಟ್ಟ ವಾಸನೆ ದಿನವೂ ಇರುತ್ತದೆ, ನನ್ನ ಮೂಗಿಗೆ ಅದು ತಿಳಿಯುವುದೂ ಇಲ್ಲ. ಮೊನ್ನೆ ಗಿರಾಕಿಯೊಬ್ಬ ದೋಣಿಯ ಲಂಗರಿಗೆ ಹಗ್ಗ ಕೇಳಿದ. ತುದಿ ಸುಡುವಾಗ ವಾಸನೆ ಗಂಟಲಿಗೇ ಹತ್ತಿತು... ಭಾವ ನೆನಪಾದರು.

ಭಾವ ಅಂದರೆ ನನ್ನ ಅಕ್ಕನ ಗಂಡ. ಯಲಹಂಕದ ಹಳೇ ಊರಿನವರು, ಬಾವಿ ಕೆರೆಗಳಲ್ಲಿ ಈಜಿ ಬೆಳೆದವರು. ಮಾತಿನಲ್ಲಿ ಹಕಾರವೇ ಇರಲಿಲ್ಲ. ಅವರ ಬಾಯಲ್ಲಿ ಹಗ್ಗ ಯಾವಾಗಲೂ ಅಗ್ಗ. ಆಗ ನಾವೆಲ್ಲ ನಗುತ್ತಿದ್ದೆವು.

ಯಶವಂತಪುರಕ್ಕೆ ಮೆಟ್ರೊ ಬರುವ ಮುಂಚಿನ ಮಾತು. ಭಾವ ನಾಲ್ಕು ಜನ ಕೂರುವ ಹಳೆಯ ಫೈಬರ್ ದೋಣಿ ಕೊಂಡರು. ಭಾನುವಾರ ಅಕ್ಕನನ್ನು ಕೂರಿಸಿಕೊಂಡು ಕೆರೆಯ ನಡುವೆ ಚಿತ್ರಾನ್ನ ತಿನ್ನಬೇಕೆಂಬ ಆಸೆ. ಆಸೆ ಚೆನ್ನಾಗಿಯೇ ಇತ್ತು, ಇಲ್ಲವೆನ್ನಲಾರೆ. ಅಕ್ಕ ಸಹಕಾರನಗರದ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಅವಳ ಕತ್ತರಿಗೆ ಹೆಸರಿತ್ತು. ಆ ಮನೆಯಲ್ಲಿ ಅವಳದೇ ಅಂತ ಇದ್ದದ್ದು ಆ ಕೈಕೆಲಸ ಒಂದೇ.

ಹಗ್ಗಕ್ಕೆಂದು ಅವರು ಅಂಗಡಿಗೆ ಬಂದಾಗ ಲಂಗರಿನ ವಿಷಯ ನಾನು ಬಿಡಿಸಿ ಹೇಳಿದೆ. ನಮ್ಮ ಕೆರೆಗಳ ತಳವೆಲ್ಲ ಹೂಳು. ಅಲ್ಲಿ ಭಾರ ನಂಬಿದರೆ ಕೆಟ್ಟೆವು, ನೇಗಿಲಿನಂತೆ ಒಳಕ್ಕೆ ಕಚ್ಚುವ ಚಪ್ಪಟೆ ಅಲಗಿನ ಲಂಗರೇ ಬೇಕು. ಅದು ತಳದಲ್ಲಿ ಮಲಗಿಯೇ ಇರಲೆಂದು ಕೊರಳಿಗೆ ಒಂದಿಷ್ಟು ಸರಪಳಿ. ಹಗ್ಗ ಆಳದ ಐದಾರು ಪಟ್ಟು. ಗಿಡ್ಡವಾದರೆ ದೋಣಿ ಜಗ್ಗಿದಾಗ ಲಂಗರು ಮೇಲಕ್ಕೆ ಕಿತ್ತು ಬರುತ್ತದೆ.

"ಕಬ್ಬಿಣ ಯಾಕ್ಲಾ? ಮನೇಲಿ ರುಬ್ಬೋ ಗುಂಡೈತೆ," ಅಂದರು ಭಾವ. ಹಗ್ಗ ಮಾತ್ರ ಒಯ್ದರು. ಮನೆಗೆ ಹೋಗಿ ಅದನ್ನೂ ಕತ್ತರಿಸಿದರು. ಕೇಳಿದ್ದಕ್ಕೆ, "ಕೆರೆ ಇರೋದು ಎರಡಾಳು. ಬಾವಿಗೆ ಕೊಡ ಬುಡೋಕೆ ಎಷ್ಟ್ ಬೇಕೋ ಅಷ್ಟ್ ಅಗ್ಗ ಸಾಕು ಕಣ್ಲಾ!" ಮಿಕ್ಕಿದ್ದು ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋಯಿತು.

ಆಷಾಢದ ಒಂದು ಭಾನುವಾರ. ನಾನು ಏರಿಯ ಮೇಲೆ ನಿಂತಿದ್ದೆ, ಅಕ್ಕ ಭಾವ ದೋಣಿಯಿಂದ ಗುಂಡು ಇಳಿಬಿಟ್ಟು ಕೆರೆಯಲ್ಲಿ ಕೂತಿದ್ದರು. ಗಾಳಿ ಎದ್ದದ್ದೇ ತಡ, ಗುಂಡು ಹೂಳಿನ ಮೇಲೆ ಜಾರಿಕೊಂಡು ಬಂತು, ದೋಣಿ ಏರಿಯ ಕಲ್ಲುಗೋಡೆಯ ಕಡೆಗೆ ನುಗ್ಗಿತು. ತಡೆಯಲೆಂದು ಅಕ್ಕ ಕೈ ಚಾಚಿದಳು. ಬಲಗೈ... ಕಲ್ಲಿಗೂ ದೋಣಿಗೂ ನಡುವೆ ಸಿಕ್ಕಿತು. ಅವಳು ಕೂಗಿದ್ದು ಇಲ್ಲಿ ಬರೆಯಲಾರೆ.

ಬೆರಳುಗಳು ಆಮೇಲೆ ಮಡಚಲೇ ಇಲ್ಲ. ಹೊಲಿಗೆ ಮೆಶಿನ್ ಮಾರಿದರು. ಬಂದ ನೆಂಟರಿಗೆಲ್ಲ ಭಾವ ಒಂದೇ ಮಾತು ಹೇಳಿದರು: "ಆಸಾಡದ್ ಗಾಳಿ ಕಣಪ್ಪ, ಯಾರೇನ್ ಮಾಡಕಾಯ್ತದೆ?"

ಒಂದು ದಿನ ತಡೆಯಲಾರದೆ ಕೇಳಿದೆ. "ಭಾವ, ಹಗ್ಗ ಗಿಡ್ಡ ಆಯ್ತು ಅಂತ ಅಕ್ಕನ ಹತ್ರ ಒಂದ್ಸಲ ಹೇಳಿ. ಅಷ್ಟೇ ಸಾಕು."

"ಮುಗಿದೋದ್ ವಿಷ್ಯ, ಬುಡ್ಲಾ," ಅಂದು ಟೀವಿಯ ಸದ್ದು ಜಾಸ್ತಿ ಮಾಡಿದರು. ಆ ಮನುಷ್ಯನನ್ನು ನಾನು ಕ್ಷಮಿಸಲಿಲ್ಲ. ಹೋದ ವರ್ಷ ಎದೆನೋವು ಬಂದು ತೀರಿಕೊಂಡರು. ಹೆಗಲು ಕೊಟ್ಟೆ, ಅಳುವೂ ಬಂತು. ಈಗಲೂ ಆ ಮನೆಗೆ ಹೋದರೆ ಬಾಗಿಲಲ್ಲೇ "ಏನ್ಲಾ" ಅನ್ನುವ ದನಿಗೆ ಕಾಯುತ್ತೇನೆ.

ನಿನ್ನೆ ಹೋದಾಗ ಅಕ್ಕ ಯಾರೋ ಹೊಲಿದ ರವಿಕೆ ತೊಟ್ಟಿದ್ದಳು. ಕಂಕುಳಲ್ಲಿ ಬಿಗಿ, ಭುಜದಲ್ಲಿ ಸಡಿಲ. ನನ್ನ ಕಣ್ಣು ಎಲ್ಲಿದೆಯೆಂದು ನೋಡಿ ಅವಳು ಸೆರಗು ಎಳೆದುಕೊಂಡಳು.

"ಗಾಳಿ ಕಣೋ ಅದು," ಅಂದಳು. "ಪಾಪ, ಅವರೇನ್ ಮಾಡ್ತಾರೆ?"

ಭಾವ ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಈಗ ಅವರ ಸುಳ್ಳನ್ನು ಅಕ್ಕ ಹೇಳುತ್ತಾಳೆ, ನಾನು ಹೂಂ ಅನ್ನುತ್ತೇನೆ.